ಕೆಸುವಿನ ದಂಟಿನಿಂದ ಶುರು ಮಾಡಿ

ನಮಸ್ಕಾರ,

ನೀವು ಕುಂಬಳೆಯಿಂದ ಕಳಿಸಿದ ‘ಗಿಡದೊಳಗಿನ ಗಾಳಿ’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗೆಂದು ಬಿಟ್ಟುಬಿಡುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಬರೀ ಪ್ರಕೃತಿಯ ಹೊಗಳಿಕೆ. ತೆಗೆದುಹಾಕಿ. ಮೂರನೇ ಪುಟದಲ್ಲಿ, ಅಮ್ಮ ಕೆಸುವಿನ ದಂಟು ಕೊಯ್ದಾಗ ಒಳಗೆಲ್ಲ ತೂತು ತೂತು ಕಂಡಿತು ಎಂದಿದ್ದೀರಲ್ಲ, ಅಲ್ಲಿಂದ ಶುರುವಾಗಲಿ.

ಒಂದು ತಪ್ಪು ದೊಡ್ಡದು. ‘ಜೀವಕೋಶಗಳು ಗಾಳಿ ತುಂಬಿಕೊಳ್ಳುತ್ತವೆ’ ಎಂದು ಬರೆದಿದ್ದೀರಿ. ಹಾಗಲ್ಲ. ಗಾಳಿ ಇರುವುದು ಕೋಶಗಳ ನಡುವಿನ ಜಾಗದಲ್ಲಿ. ಕೆಲವು ಗಿಡಗಳಲ್ಲಿ ಕೋಶಗಳು ಬೆಳೆಯುತ್ತಾ ಒಂದರಿಂದೊಂದು ಸರಿದು ಆ ಜಾಗ ಆಗುತ್ತದೆ. ಭತ್ತದ ಬೇರಿನಲ್ಲಿ ಕೋಶಗಳೇ ಸತ್ತು ಜಾಗ ಬಿಟ್ಟುಕೊಡುತ್ತವೆ. ಮೆಕ್ಕೆಜೋಳದ ಕತೆ ಇನ್ನೂ ಚಂದ. ಬುಡದಲ್ಲಿ ನೀರು ನಿಂತರೆ ಬೇರು ತಾನೇ ತಯಾರಿಸುವ ಎಥಿಲೀನ್ ಅನಿಲಕ್ಕೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಒಳಗೇ ಜಾಸ್ತಿಯಾಗುತ್ತದೆ. ಕೆಲವು ಕೋಶಗಳು ಸಾಯುವುದು ಅದರ ಸೂಚನೆಯಿಂದಲೇ. ಭತ್ತ ಮಾತ್ರ ನೀರು ನಿಲ್ಲುವವರೆಗೆ ಕಾಯುವುದಿಲ್ಲ, ಮೊದಲೇ ತಯಾರಿರುತ್ತದೆ. ಇಷ್ಟನ್ನೂ ನೀವು ಒಂದೇ ಸಾಲಲ್ಲಿ ಮುಗಿಸಿದ್ದೀರಿ, ಛೇ!

ಗಿಡಕ್ಕೆ ಇದೆಲ್ಲ ಯಾಕೆ ಬೇಕು ಎಂಬುದೂ ಬರಲಿ. ನೀರಿನಲ್ಲಿ ಆಮ್ಲಜನಕ ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಏಣೆಲು (ಮಳೆಗಾಲದ ಭತ್ತದ ಬೆಳೆ) ಗದ್ದೆಯ ಕೆಸರಲ್ಲಿ ಬೇರಿಗೆ ಬೇಕಾದ ಆಮ್ಲಜನಕ ಗಿಡದೊಳಗಿನ ಈ ಜಾಗಗಳ ಮೂಲಕ ಮೇಲಿನಿಂದಲೇ ಇಳಿಯಬೇಕು. ಒಂದು ಬುಡ ಕಿತ್ತು ತೊಳೆದು ನೋಡಿ, ಬೇರಿನ ಮೇಲೆ ತುಕ್ಕಿನ ಬಣ್ಣ ಇರುತ್ತದೆ. ನಮ್ಮದು ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಊರು ಅಲ್ವಾ, ಮಣ್ಣಲ್ಲಿ ಕಬ್ಬಿಣಕ್ಕೇನು ಬರ! ಬೇರಿನಿಂದ ಸೋರಿದ ಆಮ್ಲಜನಕ ಆ ಕಬ್ಬಿಣಕ್ಕೆ ತಾಗಿ ಬಣ್ಣ ಬಂದಿರುತ್ತದೆ. ಕೆಸರಿನ ಮೀಥೇನ್ ಮೇಲೆ ಬರುವುದೂ ಗಿಡದೊಳಗಿನ ಇದೇ ದಾರಿಯಲ್ಲಿ. ಇದನ್ನು ಬಿಟ್ಟಿದ್ದೀರಿ, ಸೇರಿಸಿ.

ತಾವರೆಯ ಭಾಗ ಇರಲಿ. ಆದರೆ ಗಾಳಿ ‘ತಾನಾಗಿ ಇಳಿಯುತ್ತದೆ’ ಎಂದರೆ ಸಾಲದು. ಬಿಸಿಲೇರಿದಾಗ ಎಲೆಯೊಳಗೆ ಒತ್ತಡ ಹೆಚ್ಚಿ, ಆ ಒತ್ತಡವೇ ಗಾಳಿಯನ್ನು ದಂಟಿನ ಮೂಲಕ ಗೆಡ್ಡೆಯವರೆಗೆ ತಳ್ಳುತ್ತದೆ.

ಚಂದ್ರಗಿರಿ ಹೊಳೆಬದಿಯ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳನ್ನು ಇಲ್ಲಿ ಸುಮ್ನೆ ತುರುಕಬೇಡಿ. ಕೆಸರಿನಿಂದ ಮೇಲೆದ್ದು ನಿಲ್ಲುವ ಆ ಉಸಿರುಬೇರುಗಳಿಗೆ ಬೇರೆಯೇ ಲೇಖನ ಬೇಕು. ಅದನ್ನೂ ನೀವೇ ಬರೆಯಿರಿ.

ಇದಕ್ಕೆ ಮೂರು ಪುಟ ಸಾಕು. ಕೆಸುವಿನ ದಂಟು, ಭತ್ತದ ಬೇರು ಎರಡರ ಫೋಟೋವನ್ನೂ ಮೊಬೈಲಲ್ಲೇ ತೆಗೆದು ಕಳಿಸಿ. ಬೇರನ್ನು ಜಾಸ್ತಿ ಉಜ್ಜಬೇಡಿ, ಕೆಸರು ಮಾತ್ರ ಹೋಗಲಿ.

ಇತಿ,
ಸಂಪಾದಕ