ಮೂರೂ ಉತ್ತರ ಸರಿಯಾದ ಮೇಲೆ

ದೇವರನ್ನು ನಂಬುವವರು ಅಂತಃಸ್ಫೂರ್ತಿಯಿಂದ ಯೋಚಿಸುವವರು, ನಂಬದವರು ವಿಶ್ಲೇಷಣೆ ಮಾಡಿ ಯೋಚಿಸುವವರು ಎಂಬ ಮಾತನ್ನು ಎಲ್ಲೋ ಓದಿ, ಅದನ್ನು ತಮ್ಮ ಮೇಲಿನ ತೀರ್ಪೆಂದೇ ಬಗೆದು ಆಪ್ತಸಲಹೆಗೆ ಬರುವವರನ್ನು ನಾನು ಮತ್ತೆ ಮತ್ತೆ ಕಾಣುತ್ತಿದ್ದೇನೆ. ಅಂಥವರಲ್ಲಿ ಒಬ್ಬರ ವಿಷಯವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆದಿದ್ದೇನೆ.

ಅವರಿಗೆ ಮೂವತ್ತೈದರ ಆಸುಪಾಸು, ಅಂಕಿಅಂಶಗಳ ಕೆಲಸ. ಚಿಕ್ಕಂದಿನಿಂದ ಪ್ರಾರ್ಥನೆ ತಪ್ಪಿಸಿದವರಲ್ಲ. ಯಾವ ಧರ್ಮ ಎಂಬುದು ಇಲ್ಲಿ ಬೇಕಿಲ್ಲ. ನಂಬಿಕೆ ತೊರೆದಿದ್ದ ಅವರ ತಮ್ಮ, ಒಂದು ಸಣ್ಣ ಪರೀಕ್ಷೆ ಕಳುಹಿಸಿದ್ದ. ಮೂರಕ್ಕೆ ಮೂರೂ ಸರಿಯಾದಾಗ, ‘ಇಷ್ಟು ಬುದ್ಧಿಯಿದ್ದೂ ನಂಬುತ್ತೀಯಲ್ಲ ಅಕ್ಕ’ ಎಂದು ಬರೆದ. ಅಂದಿನಿಂದ ಪ್ರಾರ್ಥನೆಗೆ ಕೂತರೆ ನಟಿಸುತ್ತಿರುವಂತೆ ಅನ್ನಿಸುತ್ತದೆ, ರಾತ್ರಿ ನಿದ್ರೆಯೂ ಹತ್ತುತ್ತಿಲ್ಲ ಎಂದರು.

ಆ ಪರೀಕ್ಷೆ ಶೇನ್ ಫ್ರೆಡರಿಕ್ ಎಂಬ ಸಂಶೋಧಕ 2005ರಲ್ಲಿ ಪ್ರಕಟಿಸಿದ್ದು. ಅದರ ಒಂದು ಪ್ರಶ್ನೆ ಹೀಗಿದೆ: ಕೆರೆಯೊಂದರಲ್ಲಿ ನೈದಿಲೆ ಎಲೆಗಳ ಹರವು ದಿನಕ್ಕೆ ಇಮ್ಮಡಿಯಾಗುತ್ತ 48 ದಿನಗಳಲ್ಲಿ ಕೆರೆಯನ್ನು ಮುಚ್ಚುತ್ತದೆ, ಅರ್ಧ ಕೆರೆ ಮುಚ್ಚಲು ಎಷ್ಟು ದಿನ ಬೇಕು? 24 ಎಂಬುದು ತಾನಾಗಿ ನಾಲಿಗೆಗೆ ಬರುತ್ತದೆ, ಸರಿಯುತ್ತರ 47. ಮೊದಲು ಹೊಳೆದದ್ದನ್ನು ತಡೆದು ಮತ್ತೆ ನೋಡುವ ಅಭ್ಯಾಸ ಎಷ್ಟಿದೆ ಎಂಬುದನ್ನು, ಜೊತೆಗೆ ಒಂದಿಷ್ಟು ಲೆಕ್ಕದ ಜಾಣತನವನ್ನು, ಅದು ಅಳೆಯುತ್ತದೆ. ಇಂಥ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದವರಲ್ಲಿ ದೈವನಂಬಿಕೆ ಕಡಿಮೆಯೆಂದೂ, ಯೋಚನೆಯಲ್ಲಿ ಮುಳುಗಿ ಕೂತವನನ್ನು ತೋರಿಸುವ, ಫ್ರೆಂಚ್ ಶಿಲ್ಪಿ ರೊಡಾನ ‘ಚಿಂತಕ’ ಶಿಲ್ಪದ ಚಿತ್ರವನ್ನು ನೋಡಿದರೇ ನಂಬಿಕೆ ತುಸು ಇಳಿಯುತ್ತದೆಂದೂ ಮನಶ್ಶಾಸ್ತ್ರಜ್ಞರಾದ ವಿಲ್ ಗೆರ್ವೈಸ್ ಮತ್ತು ಅರಾ ನೊರೆಂಜಯಾನ್ 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಶಿಲ್ಪದ ಪ್ರಯೋಗವನ್ನು ಬೇರೆಯವರು ಹೆಚ್ಚು ಜನರ ಮೇಲೆ ಮಾಡಿ ನೋಡಿದಾಗ ಆ ಪರಿಣಾಮ ಕಾಣಲಿಲ್ಲ; ಅದು 2017ರಲ್ಲಿ ಪ್ರಕಟವಾಯಿತು. ಮರುವರ್ಷ ಸ್ವತಃ ಗೆರ್ವೈಸ್ ತಂಡವೇ 13 ದೇಶಗಳಲ್ಲಿ ಅಳೆದು, ವಿಶ್ಲೇಷಣೆಗೂ ಅಪನಂಬಿಕೆಗೂ ಇರುವ ನಂಟು ಬಲಹೀನ, ದೇಶದಿಂದ ದೇಶಕ್ಕೆ ಬದಲಾಗುವಂಥದ್ದು ಎಂದು ತೋರಿಸಿತು.

ಈ ನಂತರದ ಫಲಿತಾಂಶಗಳು ಹೊರಬರುವ ಮುನ್ನ, 2012ರ ಬರಹವನ್ನು ನಂಬಿ, ನಾನೇ ಒಬ್ಬ ತರುಣನಿಗೆ ‘ನಿಮ್ಮ ಮನಸ್ಸಿನ ರಚನೆಗೆ ನಂಬಿಕೆ ಒಗ್ಗದು, ತಪ್ಪಿತಸ್ಥ ಭಾವ ಬಿಡಿ’ ಎಂದಿದ್ದೆ. ಸಮಾಧಾನ ಹೇಳುವ ಆತುರದಲ್ಲಿ ಆಡಿದ ಮಾತು ಅದು. ಈ ಮಹಿಳೆಯ ಎದುರು ಕೂತಾಗಲೆಲ್ಲ ಅವನ ನೆನಪಾಗುತ್ತಿತ್ತು.

ನಾಲ್ಕನೆಯ ಭೇಟಿಯಲ್ಲಿ ಕೇಳಿದೆ: “24 ಎಂದು ಹೊಳೆದಾಗ ಏನು ಮಾಡಿದಿರಿ?”

“ಬದಿಗಿಟ್ಟು ಲೆಕ್ಕ ಹಾಕಿದೆ.”

“ಪ್ರಾರ್ಥನೆಯಲ್ಲಿ ಹಾಗೆ ಬದಿಗಿಡಬೇಕಾದ ಉತ್ತರ ಯಾವುದು?”

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನಿಧಾನವಾಗಿ ಹೇಳಿದರು: “ನನಗೆ ಯಾರೂ ಪ್ರಶ್ನೆಯನ್ನೇ ಕೇಳಿರಲಿಲ್ಲ ಮೇಡಂ. ಅಜ್ಜಿ, ಮಗ ತೀರಿಕೊಂಡ ಮರುದಿನವೂ, ಅದೇ ಹೊತ್ತಿಗೆ ಎದ್ದು ಪ್ರಾರ್ಥನೆಗೆ ಕೂತರು. ನಾನು ಹೋಗಿ ಪಕ್ಕದಲ್ಲಿ ಕೂತೆ. ನನ್ನ ನಂಬಿಕೆ ಶುರುವಾದದ್ದು ಅಲ್ಲಿಂದ. ಅದು ಲೆಕ್ಕ ಹಾಕದೆ ಬರೆದ ಉತ್ತರವಲ್ಲ.”

ನಾನು ಸಿದ್ಧಮಾಡಿಕೊಂಡಿದ್ದ ಮಾತುಗಳೆಲ್ಲ ಅಲ್ಲಿಗೆ ಅನಗತ್ಯವಾದವು. ಹಿರಿಯರು ಹೇಳಿದ್ದಕ್ಕಿಂತ, ಕಷ್ಟವಾದರೂ ಬಿಡದೆ ಮಾಡಿ ತೋರಿಸಿದ್ದರಿಂದ ನಂಬಿಕೆ ಮುಂದಿನವರಿಗೆ ದಾಟುತ್ತದೆ ಎಂದು ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಕ್ 2009ರಲ್ಲಿ ವಾದಿಸಿದ್ದರು. ಅವರು ಪುಟಗಟ್ಟಲೆ ವಿವರಿಸಿದ್ದನ್ನು ಈಕೆ ಒಂದು ಬೆಳಗಿನ ನೆನಪಿನಲ್ಲಿ ಹೇಳಿಬಿಟ್ಟಿದ್ದರು. ಆದರೆ ಈ ವಿವರಣೆಯೂ ಒಂದು ಕಡೆ ಮುಗ್ಗರಿಸುತ್ತದೆ. ಅದೇ ಮನೆಯಲ್ಲಿ, ಅದೇ ಅಜ್ಜಿಯನ್ನು ನೋಡುತ್ತ ಬೆಳೆದ ಆಕೆಯ ತಮ್ಮ, ನಂಬಿಕೆಯನ್ನು ಬಿಟ್ಟಿದ್ದ.

ನಾನು ಕೊಟ್ಟ ಸಲಹೆ ಇಷ್ಟು. ನಂಬಿಕೆ ಹೇಗೆ ಬಂತು ಎಂಬುದರಿಂದ ಅದು ನಿಜವೋ ಸುಳ್ಳೋ ಎಂಬುದು ತೀರ್ಮಾನವಾಗದು. ತಮ್ಮನ ಅಪನಂಬಿಕೆಗೂ ಇದೇ ಮಾತು ಸಲ್ಲುತ್ತದೆ. ಆದ್ದರಿಂದ ನಿದ್ರೆ ಸರಿಹೋಗುವವರೆಗೆ ಪ್ರಾರ್ಥನೆಯನ್ನು ಬಿಡುವ ಅಥವಾ ಬಿಗಿಗೊಳಿಸುವ ಯಾವ ನಿರ್ಧಾರವನ್ನೂ ಮಾಡಬೇಡಿ. ಸಂದೇಹ ಬಂದರೆ ಅದನ್ನು ಅಡಗಿಸದೆ, ಹಗಲಿನಲ್ಲಿ ಒಂದು ಹೊತ್ತು ಗೊತ್ತುಮಾಡಿಕೊಂಡು ಬರೆದಿಡಿ. ತಮ್ಮನಿಗೆ 2017ರ ಬರಹವನ್ನು ಕಳುಹಿಸಿ ಸೇಡು ತೀರಿಸಿಕೊಳ್ಳುವ ಆಸೆ ಅವರಿಗಿತ್ತು, ಬೇಡವೆಂದೆ. ಕಳುಹಿಸಿದ್ದರೆ ಇಬ್ಬರೂ ಮತ್ತೆ ಅದೇ ಪರೀಕ್ಷೆಯ ಹಾಳೆಯ ಮೇಲೆ ನಿಲ್ಲುತ್ತಿದ್ದರು.

ಸಂದೇಹವನ್ನು ಕೊನೆಯವರೆಗೆ ಬೆನ್ನಟ್ಟಲು ಹೇಳಬೇಕಿತ್ತು, ನೀವು ಜಾರಿಕೊಂಡಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಒಪ್ಪಲಾರೆ. ಮೂರು ವಾರ ನಿದ್ರೆಗೆಟ್ಟ ವ್ಯಕ್ತಿ ಮಾಡುವ ವಿಚಾರವನ್ನು ನಾನು ವಿಶ್ಲೇಷಣೆ ಎಂದು ಕರೆಯಲಾರೆ. ಒಬ್ಬರ ನಂಬಿಕೆಯನ್ನು ಉಳಿಸುವುದೂ ಕೆಡಹುವುದೂ ನನ್ನ ಕೆಲಸವಲ್ಲ. ಆ ತರುಣನ ವಿಷಯದಲ್ಲಿ ನಾನು ಗೆರೆ ದಾಟಿದ್ದೆ.

ಕೊನೆಯ ಭೇಟಿಯ ಹೊತ್ತಿಗೆ ನಿದ್ರೆ ಬಹುಮಟ್ಟಿಗೆ ಮರಳಿತ್ತು. ತಮ್ಮನಿಗೆ ಉದ್ದದ ಪತ್ರ ಬರೆದು ಮೂರು ಸಲ ಹರಿದುಹಾಕಿ, ಕೊನೆಗೆ ಅಜ್ಜಿಯ ಆ ಬೆಳಗು ನಿನಗೆ ನೆನಪಿದೆಯೇ ಎಂದಷ್ಟೇ ಕೇಳಿದ್ದರು. ನೆನಪಿದೆ, ನಾನು ಬಾಗಿಲ ಬಳಿ ನಿಂತಿದ್ದೆ ಎಂದು ಅವನು ಉತ್ತರಿಸಿದ್ದ. ಅವನು ಅಲ್ಲಿದ್ದನೆಂಬುದು ಈಕೆಗೆ ಅಷ್ಟು ವರ್ಷ ಗೊತ್ತೇ ಇರಲಿಲ್ಲ.