ಡಿಮೆನ್ಷಿಯಾ ಇರುವ ಅಮ್ಮ ರಾತ್ರಿ ಟಾಯ್ಲೆಟ್ ಹುಡುಕಿ ಒದ್ದಾಡುತ್ತಾರೆ. ಮನೆಯಲ್ಲಿ ಏನೇನು ಬದಲಿಸಬೇಕು?

ಮೊದಲು ಬೆಳಕು. ಮಂಚದಿಂದ ಟಾಯ್ಲೆಟ್‌ವರೆಗೆ, ಕಾಲಿಟ್ಟೊಡನೆ ಹೊತ್ತುವ ಸೆನ್ಸರ್ ದೀಪ ಹಾಕಿಸಿ. ಒಳಗಿನ ದೀಪ ರಾತ್ರಿಯಿಡೀ ಉರಿಯಲಿ, ಬಾಗಿಲು ತೆರೆದೇ ಇರಲಿ. ಮಲಗಿದಲ್ಲಿಂದಲೇ ಕಮೋಡ್ ಕಾಣುವಂತೆ ಮಂಚ ತಿರುಗಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಬಿಳಿ ಟೈಲ್ಸ್ ಮುಂದಿನ ಬಿಳಿ ಕಮೋಡ್ ಅವರಿಗೆ ಕಾಣದೇ ಹೋಗಬಹುದು. ಕಣ್ಣು ಸರಿಯಿದ್ದರೂ ಮಿದುಳು ಎರಡನ್ನೂ ಬೇರ್ಪಡಿಸಲಾರದು. ಕಡುನೀಲಿ ಅಥವಾ ಕೆಂಪು ಸೀಟ್ ಹಾಕಿಸಿ. ಬಾಗಿಲ ಬಳಿಯ ಕಪ್ಪು ಕಾಲೊರಸು ಇದೇ ಕಾರಣಕ್ಕೆ ಗುಂಡಿಯಂತೆ ಕಾಣುತ್ತದೆ, ದಾಟಲು ಹೆದರುತ್ತಾರೆ. ಅದನ್ನು ತೆಗೆದುಬಿಡಿ. ಕನ್ನಡಿಯಲ್ಲಿ ಯಾರೋ ಇದ್ದಾರೆಂದು ಬೆದರಿದರೆ ಬಟ್ಟೆ ಹೊದಿಸಿ.

ಒಳಚಿಲಕ ಇವತ್ತೇ ಬಿಚ್ಚಿಸಿ. ಹಾಕಿಕೊಂಡರೆ ತೆಗೆಯುವುದು ಮರೆತುಹೋಗುತ್ತದೆ, ಬಿದ್ದರೆ ನೀವು ಒಳಹೋಗಲಾಗದು.

ಹಿಡಿಕಂಬಿಯನ್ನು ಸೀಟಿಗಿಂತ ಸುಮಾರು 20 ಸೆಂ.ಮೀ. ಮೇಲೆ, ಗೋಡೆಗೆ ಡ್ರಿಲ್ ಮಾಡಿ ಸ್ಕ್ರೂನಿಂದ ಕೂರಿಸಿ. ಒತ್ತಿ ಅಂಟಿಸುವ ರಬ್ಬರ್ ಹಿಡಿಯನ್ನು ನಂಬಬೇಡಿ, ಮೈಭಾರಕ್ಕೆ ಕಿತ್ತು ಬರುತ್ತದೆ. ಫಿನಾಯಿಲ್, ಆಸಿಡ್ ಬಾಟಲಿಗಳು ಬೀಗದೊಳಗಿರಲಿ.

ಒಂದು ಎಚ್ಚರಿಕೆ: ಗೊಂದಲ ಒಂದೆರಡು ದಿನದಲ್ಲೇ ದಿಢೀರ್ ಹೆಚ್ಚಿದರೆ ಅದು ಮನೆಯ ತೊಂದರೆಯಲ್ಲ. ಮೂತ್ರದ ಸೋಂಕೂ ಹೀಗೆ ಮಾಡುತ್ತದೆ. ತಡಮಾಡದೆ ಡಾಕ್ಟರಿಗೆ ತೋರಿಸಿ.