ಕಲಗದ ದಿಬ್ಬ ಚೇತರಿಸಿತು ಅಂತ ಯಾವಾಗ ಹೇಳಬಹುದು?

ಪ್ರಶ್ನೆ: ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಆಯ್ಸ್ಟರ್, ಅಂದರೆ ನಮ್ಮ ಕಲಗದ ಮರಿ ಬಿಟ್ಟು ಹಾಳಾದ ದಿಬ್ಬಗಳನ್ನು ಮತ್ತೆ ಬೆಳೆಸುತ್ತಿದ್ದಾರಂತೆ. ನೀರಿನಡಿ ಅವು ಬದುಕಿವೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ? ಅಲ್ಲಿ ಕೆಲಸ ಮಾಡಿದ ನೀವು ಬಿಡಿಸಿ ಹೇಳ್ತೀರಾ ಮೇಡಂ?
– ಓದುಗರೊಬ್ಬರು, ಕುಮಟಾ

ಉತ್ತರ: ಅಘನಾಶಿನಿ ದಡದವರೇ ಇದನ್ನು ಕೇಳಿದ್ದು ಬಹಳ ಖುಷಿಯಾಯ್ತು. ನಾನು ಅಳತೆಗೆ ಹೋಗುತ್ತಿದ್ದದ್ದು ಅದೇ ಕೊಲ್ಲಿಯ ಕಡೆ, ಮೇರಿಲ್ಯಾಂಡ್ ರಾಜ್ಯದ ಹ್ಯಾರಿಸ್ ಕ್ರೀಕ್ ಅನ್ನುವ ತೊರೆಗೆ. ಅಲ್ಲಿ 2011ರಿಂದ 2015ರೊಳಗೆ ಸುಮಾರು 350 ಎಕರೆಯಲ್ಲಿ 200 ಕೋಟಿಗೂ ಜಾಸ್ತಿ ಮರಿ ಬಿಟ್ಟರು. ಹಳೆಯ ಚಿಪ್ಪಿಗೆ ಅಂಟಿಸಿಯೇ ಬಿಡುತ್ತಾರೆ.

ಬಿಟ್ಟ 3 ವರ್ಷಕ್ಕೊಂದು ತಪಾಸಣೆ, 6 ವರ್ಷಕ್ಕೆ ಇನ್ನೊಂದು. ದೋಣಿಯಿಂದ ಕಬ್ಬಿಣದ ದೊಡ್ಡ ಇಕ್ಕಳ ಇಳಿಸಿ, ತಳದ ಇಂತಿಷ್ಟೇ ಜಾಗವನ್ನು ಬಾಚಿ ಎತ್ತುತ್ತಾರೆ. ಕೆಸರು ತೊಳೆದು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಬೇಕು. ದಿಬ್ಬದ ಶೇ. 30 ಭಾಗದಲ್ಲಾದರೂ ಚದರ ಮೀಟರಿಗೆ 15 ಜೀವಂತ ಕಲಗ, ಮಾಂಸದ ಒಣತೂಕ 15 ಗ್ರಾಂ ಇರಬೇಕು. ಇದು ಕನಿಷ್ಠ. ಗುರಿ ಎರಡಕ್ಕೂ 50.

ಆದರೆ ನಾನು ಮೊದಲು ಹುಡುಕುತ್ತಿದ್ದದ್ದು ಸತ್ತವನ್ನು. ಎರಡೂ ಚಿಪ್ಪು ಬುಡದಲ್ಲಿ ಕೂಡಿಕೊಂಡೇ ಇದ್ದು, ಒಳಗೆ ಬರೀ ಕೆಸರು ತುಂಬಿದ್ದರೆ ಆ ಕಲಗ ಸತ್ತು ತುಂಬಾ ಕಾಲ ಆಗಿಲ್ಲ. ಹಳತಾದರೆ ಕೀಲು ಕೊಳೆತು ಚಿಪ್ಪುಗಳು ಬೇರೆಯಾಗುತ್ತವೆ. ಕೂಡಿಕೊಂಡೇ ಇರುವ ಖಾಲಿ ಜೋಡಿಗಳು ರಾಶಿ ಬಂದರೆ ಈಚೆಗೆ ಏನೋ ಹೊಡೆತ ಬಿದ್ದಿದೆ ಅಂತಲೇ. ಡರ್ಮೊ ಅನ್ನುವ ರೋಗ ಆ ಕೊಲ್ಲಿಯನ್ನು ಬಹಳ ಕಾಡಿದೆ.

ಆಮೇಲೆ ವಯಸ್ಸು. ಎಲ್ಲವೂ ಒಂದೇ ಅಳತೆಯವಾದರೆ ನಾವು ಬಿಟ್ಟದ್ದು ಉಳಿದಿದೆ, ಅಷ್ಟೇ. ಮರಿ ಬಿಡದ ವರ್ಷದಲ್ಲೂ ದೊಡ್ಡ ಕಲಗದ ಬೆನ್ನಿಗೆ ಉಗುರಿನಷ್ಟು ಮರಿ ಅಂಟಿದ್ದರೆ ಅದು ತಾನಾಗಿ ಹುಟ್ಟಿ ಬಂದದ್ದು. ಎರಡು ಪೀಳಿಗೆ ಕಾಣದೆ ಚೇತರಿಕೆ ಅನ್ನಬಾರದು. ದಿಬ್ಬದ ಎತ್ತರವನ್ನೂ ಸೋನಾರ್‌ನಲ್ಲಿ, ಅಂದರೆ ನೀರಿಗೆ ಶಬ್ದ ಬಿಟ್ಟು ಅದರ ಪ್ರತಿಧ್ವನಿಯಿಂದ, ನೋಡುತ್ತಾರೆ. ಹೂಳು ಮುಚ್ಚಿದರೆ ಮುಂದಿನ ಮರಿಗೆ ಅಂಟಲು ಜಾಗವೇ ಇರಲ್ಲ, ಅಲ್ವಾ?

ನಿಮ್ಮಲ್ಲಿ ನೀರು ಇಳಿದಾಗ ಕಲಗ ಹತ್ತಿದ ಕಲ್ಲು ಕಣ್ಣಿಗೇ ಕಾಣುತ್ತದೆ. ಅರ್ಧ ಮೀಟರಿನ ಚೌಕಟ್ಟು ಸಾಕು. ಮಳೆಗಾಲ ಮುಗಿದ ಮೇಲೆ, ಪ್ರತಿ ವರ್ಷ ಅದೇ ಜಾಗದಲ್ಲಿ ಇಟ್ಟು ಎಣಿಸಿ. ಮರಿ, ದೊಡ್ಡದು, ಖಾಲಿ ಜೋಡಿ – ಮೂರನ್ನೂ ಬೇರೆ ಬೇರೆ ಬರೆದಿಡಿ.